ಪಂಚೆಯ ಮೇಲಿಟ್ಟ ಬಂದೂಕು

ಕೊಳವೆಯಂಥದ್ದು ಏನು ಕೈಗೆ ಸಿಕ್ಕರೂ ಮಂಚೇಗೌಡರು ಒಂದು ಕಣ್ಣು ಮುಚ್ಚಿ ಅದರೊಳಗೆ ನೋಡುತ್ತಿದ್ದರು. ಪರದೆ ನೇತುಹಾಕುವ ಸರಳು, ಸುರುಳಿ ಸುತ್ತಿದ ಕ್ಯಾಲೆಂಡರು, ಕಸ ಹೀರುವ ಮೆಷೀನಿನ ಪೈಪು, ಯಾವುದನ್ನೂ ಬಿಟ್ಟವರಲ್ಲ. ಒಮ್ಮೆ ಯಾರದೋ ಮನೆಯ ಹುಟ್ಟುಹಬ್ಬದಲ್ಲಿ ಮಕ್ಕಳಿಗೆ ಹಂಚಿದ್ದ ಕಾಗದದ ಪೀಪಿಯೊಂದನ್ನು ಕಿಟಕಿಯ ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿ, "ತುಕ್ಕು ಇಲ್ಲ, ಊದಬಹುದು" ಎಂದು ಗಂಭೀರವಾಗಿ ವಾಪಸು ಕೊಟ್ಟರು. ಮಕ್ಕಳಿಗೆ ಕನ್ನಡ ಅರ್ಧ ತಿಳಿಯಿತೋ ಇಲ್ಲವೋ, ಆ ಮುಖ ನೋಡಿಯೇ ಬಿದ್ದು ಬಿದ್ದು ನಕ್ಕರು.

ಅವರ ಬಗ್ಗೆ ಬರೆಯಲು ಕೂತಾಗಲೆಲ್ಲ ನಾನು ಈ ಪೀಪಿಯಿಂದಲೇ ಶುರು ಮಾಡುತ್ತೇನೆ. ಅಲ್ಲಿಂದ ಮುಂದೆ ಕೈ ಏಳುವುದಿಲ್ಲ. ಆ ಮನುಷ್ಯನಿಗೆ ನಾನೊಂದು ಅನ್ಯಾಯ ಮಾಡಿದ್ದೇನೆ. ಅದನ್ನು ಯಾರ ಹತ್ತಿರವೂ ಹೇಳಿಲ್ಲ, ನನ್ನ ಗಂಡನ ಹತ್ತಿರವೂ ಹೇಳಿಲ್ಲ. ಈ ಸಲ ಬರೆದೇ ಬಿಡಬೇಕೆಂದು ಕೂತಿದ್ದೇನೆ.

ಮಂಚೇಗೌಡರು ಮಂಡ್ಯದ ಪೊಲೀಸ್ ಮೀಸಲು ಪಡೆಯಲ್ಲಿ ಬಂದೂಕು ರಿಪೇರಿ ಮಾಡುವ ಆರ್ಮರರ್ ಆಗಿದ್ದ ಹೆಡ್ ಕಾನ್‌ಸ್ಟೇಬಲ್ಲು. ಇಡೀ ಸರ್ವೀಸಿನಲ್ಲಿ ಮನುಷ್ಯರ ಮೇಲಿರಲಿ, ಒಂದು ಕೊಕ್ಕರೆಯ ಮೇಲೂ ಗುಂಡು ಹಾರಿಸಿದವರಲ್ಲ. ಕೇಳಿದರೆ, "ನಾನು ಡಾಕ್ಟ್ರು ಇದ್ದಂಗೆ ಕನವ್ವ. ಡಾಕ್ಟ್ರು ಊರೋರ ಔಸದಿಯೆಲ್ಲ ತಾನೇ ಕುಡೀತಾನಾ?" ಎನ್ನುತ್ತಿದ್ದರು. ಹೆಂಡತಿ ತೀರಿಕೊಂಡ ಮೇಲೆ ಮಗಳು ಸುಶೀಲಾ ತಂದೆಯನ್ನು ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಲಿವರ್‌ಮೋರ್‌ಗೆ ಕರೆಸಿಕೊಂಡಿದ್ದರು. ಗ್ರೀನ್ ಕಾರ್ಡು ಬಂದಿತ್ತು. ಮಗಳು, ಅಳಿಯ ಇಬ್ಬರೂ ಆಫೀಸಿಗೆ, ಮೊಮ್ಮಗಳು ಸ್ಕೂಲಿಗೆ ಹೋದರೆ ಇವರಿಗೆ ಮಾಡಲು ಏನೂ ಕೆಲಸವಿರಲಿಲ್ಲ. ನಡೆದುಕೊಂಡು ಹೋಗಬಹುದಾದಷ್ಟು ಹತ್ತಿರ ಇದ್ದದ್ದು ಒಂದು ಗ್ಯಾಸ್ ಸ್ಟೇಷನ್ನು, ಇನ್ನೊಂದು ನಮ್ಮ ಅಂಗಡಿ.

ನಮ್ಮದು ಆಟದ ಸಾಮಾನಿನ ದೊಡ್ಡ ಅಂಗಡಿ. ಮುಂದೆ ಷೂಗಳು, ಚೆಂಡುಗಳು, ಡೇರೆಗಳು. ಹಿಂದೆ ಮೀನಿನ ಗಾಳ, ಅದರ ಪಕ್ಕದಲ್ಲಿ ಬಂದೂಕಿನ ಕೌಂಟರು. ಡಾಟ್‌ಕಾಮ್ ಕಂಪನಿಗಳು ನಾಯಿಕೊಡೆಗಳ ಹಾಗೆ ಎದ್ದಿದ್ದ ಕಾಲ ಅದು. ನನ್ನ ಗಂಡ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಸ್ಟಾರ್ಟಪ್ಪಿನಲ್ಲಿ ಇರುತ್ತಿದ್ದ. ಮನೆಗೆ ನೆಂಟನ ಹಾಗೆ ಬಂದು ಹೋಗುತ್ತಿದ್ದ. ಪರಿಚಯದ ಹೆಂಗಸರೆಲ್ಲ ಟೆಸ್ಟಿಂಗ್ ಕೋರ್ಸು ಮಾಡಿ ಕೆಲಸ ಹಿಡಿಯುತ್ತಿದ್ದರು. ನನಗೆ ಕಂಪ್ಯೂಟರು ಒಗ್ಗಲಿಲ್ಲ. ಮೈಸೂರಿನಲ್ಲಿ ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ್ದ ನಾನು ಆ ಬಂದೂಕಿನ ಕೌಂಟರಿನಲ್ಲಿ ಫಾರಮ್ಮು ತುಂಬಿಸುವ ಕೆಲಸಕ್ಕೆ ಸೇರಿದೆ. ಬ್ಯಾಡ್ಜಿನಲ್ಲಿ ನನ್ನ ಹೆಸರು ಮಾಲತಿ ಹೋಗಿ 'ಮ್ಯಾಲ್' ಆಗಿತ್ತು. ಊರಿನಲ್ಲಿ ಅಮ್ಮನಿಗೆ ಷೂ ಅಂಗಡಿಯಲ್ಲಿದ್ದೇನೆ ಎಂದು ಹೇಳಿದ್ದೆ. ಅದಕ್ಕೇ ಅವಳು ಎರಡು ದಿನ ಸರಿಯಾಗಿ ಮಾತಾಡಿರಲಿಲ್ಲ.

ಗೌಡರು ಮೊದಲ ಸಲ ಬಂದದ್ದು ಪಕ್ಕದ ಮನೆಯ ಅಜ್ಜಿಯ ಜೊತೆ. ತೀರಿಹೋದ ಗಂಡನ ಹಳೆಯ ಜೋಡಿ ನಳಿಕೆಯ ಬಂದೂಕನ್ನು ಆಕೆ ಇವರಿಗೆ ಕೊಡುವವರಿದ್ದರು. ಹಾಗೆ ಕೊಡುವುದಕ್ಕೂ ನಮ್ಮ ಕೌಂಟರಿನಲ್ಲಿ ಕಾಗದಪತ್ರ ಆಗಬೇಕು, ಹತ್ತು ದಿನ ಕಾಯಬೇಕು. ಗೌಡರು ನನ್ನ ಹಣೆಯ ಬೊಟ್ಟು ನೋಡಿದರು, ಬ್ಯಾಡ್ಜು ನೋಡಿದರು.

"ಮ್ಯಾಲ್ ಅಂದ್ರೆ ಯಾವೂರವ್ವ?"

"ಮೈಸೂರು. ಮಾಲತಿ."

"ಅಂಗನ್ನು ಮತ್ತೆ. ನಂದು ಮಂಡ್ಯ. ಫಾರಮ್ಮು ನೀನೇ ಬರ್ದುಬುಡು, ನನ್ನ ಇಂಗ್ಲಿಸು ಬಂದೂಕಿನ ಪಾರ್ಟುಗಳ ಹೆಸರಿಗಷ್ಟೇ ಸಾಲೋದು."

ಆ ಬಂದೂಕಿನ ಹಿಂಬದಿಯ ಮರ ಸೀಳಿತ್ತು, ಕಬ್ಬಿಣ ಕಂದು ಬಣ್ಣಕ್ಕೆ ತಿರುಗಿತ್ತು. ನಾಲ್ಕು ತಿಂಗಳು ಗ್ಯಾರೇಜಿನಲ್ಲಿ ಕೂತು ಅವರು ಅದನ್ನು ಉಜ್ಜಿದರು, ಅಂಟು ಹಾಕಿ ಕಟ್ಟಿದರು, ಮತ್ತೆ ಉಜ್ಜಿದರು. ತಿಂಗಳಿಗೊಮ್ಮೆ ಅದನ್ನು ಚರ್ಮದ ಚೀಲದಲ್ಲಿಟ್ಟು, ಬೀಗ ಹಾಕಿ, ನಮ್ಮ ಕೌಂಟರಿಗೆ ತಂದು ತೋರಿಸುತ್ತಿದ್ದರು. ನಳಿಕೆಯನ್ನು ಮಡಿಸಿ ನನ್ನ ಕಡೆ ತಿರುಗಿಸಿ, "ನೋಡು, ಆ ಕಡೆ ದೀಪ ದುಂಡಗೆ ಕಾಣ್ತಾದಾ?" ಎಂದು ಕೇಳುವರು. ಕಾಣುತ್ತದೆ ಎಂದರೆ ಎಸ್ಸೆಸ್ಸೆಲ್ಸಿ ಪಾಸಾದವರ ಹಾಗೆ ಮುಖ ಅರಳುತ್ತಿತ್ತು. ಅಂಗಡಿಗೆ ಬರುವ ಗಿರಾಕಿಗಳಿಗೂ ಅವರ ಉಪದೇಶ ನಡೆಯುತ್ತಿತ್ತು: "ಲಿಟ್ಲ್ ಆಯಿಲ್, ಮಚ್ ರಬ್ಬಿಂಗ್." ದನ ಸಾಕುವ ಒಬ್ಬ ಟೋಪಿಯ ದೈತ್ಯ ನನ್ನನ್ನು ಕಂಡಾಗಲೆಲ್ಲ ಅದನ್ನೇ ಅವರ ದನಿಯಲ್ಲಿ ಹೇಳಿ ನಗುತ್ತಿದ್ದ.

ಇಷ್ಟರ ಮಧ್ಯೆ ನಾನೊಂದು ಬೋರ್ಡು ಮಾಡಿದೆ.

ನನಗೆ ಕೆಲಸ ಕಲಿಸಿದ ಹುಡುಗಿ ಅರ್ಧ ದಿನ ಕಲಿಸಿ ಬೇರೆ ಕಡೆ ಹೋಗಿಬಿಟ್ಟಿದ್ದಳು. ಅವಳು ಹೇಳಿದ್ದರಲ್ಲಿ ಪರ್ಮಿಟ್ಟಿನ ವಿಷಯ ಒಂದಿತ್ತು. ಬಟ್ಟೆಯೊಳಗೆ ಪಿಸ್ತೂಲು ಬಚ್ಚಿಟ್ಟುಕೊಂಡು ಓಡಾಡುವವರಿಗೆ ಬೇಕಾದ ಪರ್ಮಿಟ್ಟು ಅದು. ನಾನು ಅದನ್ನು ಎಲ್ಲ ಬಂದೂಕಿಗೂ ಹಚ್ಚಿಕೊಂಡೆ. ನಮ್ಮೂರಿನಲ್ಲಿ ಬೆಳೆದವರಿಗೆ ಬಂದೂಕು ಎಂದರೆ ಲೈಸೆನ್ಸು. ಲೈಸೆನ್ಸಿಲ್ಲದೆ ಬಂದೂಕು ಹಿಡಿದು ರಸ್ತೆಗೆ ಬರುವುದುಂಟೆ? ಇಲ್ಲಿಯೂ ಹಾಗೆಯೇ ಇರಬೇಕೆಂದು ಯಾರನ್ನೂ ಕೇಳದೆ ತೀರ್ಮಾನ ಮಾಡಿದೆ. ದೊಡ್ಡ ಅಕ್ಷರದಲ್ಲಿ ಟೈಪು ಮಾಡಿ, ಪ್ಲಾಸ್ಟಿಕ್ಕು ಹೊದಿಸಿ, ಕೌಂಟರಿನ ಹಿಂದೆ ತೂಗುಹಾಕಿದೆ: 'ಪರ್ಮಿಟ್ಟು ಇಲ್ಲದೆ ಅಂಗಡಿಯೊಳಗೆ ಬಂದೂಕು ತರುವುದು ಅಪರಾಧ. ಪೊಲೀಸರನ್ನು ಕರೆಯಲಾಗುವುದು.' ಮ್ಯಾನೇಜರ್ ಡೆನಿಸ್ ಅದನ್ನು ಬಹಳ ಮೆಚ್ಚಿದ. ಮೇಲಿನವರು ನೋಡಲು ಬಂದಾಗ ನನ್ನ ಹೆಸರು ಹೇಳಿದ. ಅಸಿಸ್ಟೆಂಟ್ ಮ್ಯಾನೇಜರ್ ಜಾಗ ಖಾಲಿಯಾಗುವುದಿತ್ತು, ಅದಕ್ಕೆ ನನ್ನನ್ನು ನೋಡುತ್ತಿದ್ದಾರೆ ಎಂದೂ ಕಿವಿಯಲ್ಲಿ ಹೇಳಿದ.

ಗೌಡರು ಮುಂದಿನ ವಾರ ಬಂದು ಬೋರ್ಡನ್ನು ಕಷ್ಟಪಟ್ಟು ಓದಿದರು. ಆಮೇಲೆ ಜೇಬಿನಿಂದ ಮಡಿಸಿ ಮಡಿಸಿ ಸವೆದ ಒಂದು ಪುಸ್ತಿಕೆ ತೆಗೆದರು. ಈ ರಾಜ್ಯದ ಬಂದೂಕಿನ ಕಾಯಿದೆ. ಮೊಮ್ಮಗಳ ಹತ್ತಿರ ಓದಿಸಿಕೊಂಡು ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದರು.

"ಇದು ತಪ್ಪು ಕನವ್ವ. ಪಿಸ್ತೂಲಿಂದು ಬೇರೆ ಲೆಕ್ಕ. ಖಾಲಿ ಇರೋ ಉದ್ದನೆ ಬಂದೂಕ ರಿಪೇರಿಗೆ ತರಾಕೆ ಯಾವ ಪರ್ಮಿಟ್ಟೂ ಬ್ಯಾಡ. ಇಲ್ಲಿ ನೋಡು."

ಪಕ್ಕದಲ್ಲಿ ಇಬ್ಬರು ಗಿರಾಕಿಗಳಿದ್ದರು. ಅವರಿಗೆ ಕನ್ನಡ ಬರುವುದಿಲ್ಲ ಎಂಬುದು ಗೊತ್ತಿದ್ದೂ ನನಗೆ ಮುಖ ಬಿಸಿಯಾಯಿತು. ಎಂ.ಎಸ್ಸಿ. ಓದಿದ ನನಗೆ ಹೆಡ್ ಕಾನ್‌ಸ್ಟೇಬಲ್ಲು ಇಂಗ್ಲಿಷ್ ಓದಿ ಹೇಳುವುದೇ?

"ಅದು ಹಳೇ ಪುಸ್ತಕ ಗೌಡ್ರೆ. ಅಂಗಡಿ ರೂಲ್ಸು ಬೇರೆ ಇರುತ್ತೆ," ಎಂದೆ.

ಅವರು ಪುಸ್ತಿಕೆಯನ್ನು ತಿರುಗಿಸಿ ಹಿಂದಿನ ರಟ್ಟು ನೋಡಿದರು, ನನ್ನ ಮುಖ ನೋಡಿದರು. "ಆಗ್ಲಿ ಬುಡು. ಒಂದ್ಸಲ ಯಾರ್ನಾದ್ರೂ ಕೇಳು," ಎಂದು ಜೇಬಿಗೆ ಹಾಕಿಕೊಂಡರು. ಆ ಸಂಜೆಯೇ ನಾನು ಡೆನಿಸ್‌ನ ಮೇಜಿನ ಮೇಲಿದ್ದ ಅದೇ ಪುಸ್ತಿಕೆ ತೆಗೆದು ನೋಡಿದೆ. ಗೌಡರು ಹೇಳಿದ್ದೇ ಸರಿ. ಬೋರ್ಡು ತೆಗೆದರೆ ಯಾಕೆ ತೆಗೆದೆ ಎಂದು ಕೇಳುತ್ತಾರೆ. ಅಸಿಸ್ಟೆಂಟ್ ಮ್ಯಾನೇಜರ್ ಆಗಲಿ, ಆಮೇಲೆ ಸದ್ದಿಲ್ಲದೆ ತೆಗೆದರಾಯಿತು ಎಂದುಕೊಂಡೆ. ಆಮೇಲೆ ಮೂರು ತಿಂಗಳು ಅದು ಅಲ್ಲೇ ತೂಗಾಡಿತು. ಕೇಳಿದವರಿಗೆಲ್ಲ ಪರ್ಮಿಟ್ಟು ಬೇಕು ಎಂದೇ ಹೇಳಿದೆ, ತಪ್ಪೆಂದು ಗೊತ್ತಿದ್ದೇ ಹೇಳಿದೆ.

ಆ ವರ್ಷದ ಆಯುಧಪೂಜೆ ಶನಿವಾರ ಬಂದಿತ್ತು. ಗೌಡರಿಗೆ ವರ್ಷಕ್ಕಿದ್ದದ್ದು ಅದೊಂದೇ ಹಬ್ಬ. ಮಂಡ್ಯದ ಆಯುಧಾಗಾರದಲ್ಲಿ ಆ ದಿನ ಹೇಗಿರುತ್ತಿತ್ತೆಂದು ನನಗೆ ಹತ್ತು ಸಲವಾದರೂ ಹೇಳಿದ್ದಾರೆ. ಬಂದೂಕುಗಳನ್ನೆಲ್ಲ ಬಿಚ್ಚಿ, ಉಜ್ಜಿ, ಎಣ್ಣೆ ಸವರಿ ಸಾಲಾಗಿ ನಿಲ್ಲಿಸುವುದು. ಪೂಜೆಗೆ ಸಿದ್ಧವಾದ ಆಯುಧವನ್ನು ಮತ್ತೆ ಚೀಲಕ್ಕೆ ಹಾಕುವಂತಿಲ್ಲ, ನೆಲಕ್ಕೆ ಮುಟ್ಟಿಸುವಂತಿಲ್ಲ. ಒಗೆದ ಬಿಳಿ ಬಟ್ಟೆಯ ಮೇಲೆ, ಎರಡು ಕೈಯಲ್ಲಿ, ಬಾಣಂತಿಯ ಕೈಯಿಂದ ಕೂಸು ಇಸಿದುಕೊಂಡ ಹಾಗೆ ತರಬೇಕು. ಒಂದು ಸ್ಕ್ರೂ ಕಡಿಮೆಯಿದ್ದರೂ ಆ ಬಂದೂಕು ಸಾಲಿನಲ್ಲಿ ನಿಲ್ಲುವಂತಿಲ್ಲ. "ಊನ ಇರೋದ್ಕೆ ಕುಂಕುಮ ಇಕ್ಕಬಾರ್ದು. ಅದ್ಕೇ ಅವಮಾನ," ಎನ್ನುತ್ತಿದ್ದರು.

ಆ ಶನಿವಾರ ಬೆಳಿಗ್ಗೆ ಹತ್ತೂವರೆ ಇರಬೇಕು. ಬಾಗಿಲ ಹತ್ತಿರದ ಕ್ಯಾಷಿಯರ್ ಹುಡುಗಿ ಓಡಿ ಬಂದು, ಒಬ್ಬ ಮನುಷ್ಯ ಬಿಳಿ ಬಟ್ಟೆಯಲ್ಲಿ ಬಂದೂಕು ಎತ್ತಿಕೊಂಡು ಒಳಗೆ ಬರುತ್ತಿದ್ದಾನೆ ಎಂದಳು. ಹಿಂದಿನ ಕಡೆಗೆ ಅಪರೂಪಕ್ಕೆ ಬರುವ ಡೆನಿಸ್ ಆ ಹೊತ್ತು ನನ್ನ ಕೌಂಟರಿನಲ್ಲೇ ಇದ್ದ. ಬಿಳಿ ಬಟ್ಟೆ ಎಂದ ಕೂಡಲೇ ನನಗೆ ಯಾರೆಂದು ತಿಳಿಯಿತು. ತಲೆಯೆತ್ತಿ ನೋಡಿದೆ. ಗೌಡರು ಹೊಸ ಅಂಗಿ ತೊಟ್ಟು, ಹಣೆಗೆ ವಿಭೂತಿ ಇಟ್ಟುಕೊಂಡು, ಚೆಂಡುಗಳ ಸಾಲಿನ ಹತ್ತಿರ ನಿಂತಿದ್ದರು. ಚಾಚಿದ ಎರಡು ಕೈಗಳ ಮೇಲೆ ಮಡಿಸಿದ ಪಂಚೆ, ಪಂಚೆಯ ಮೇಲೆ ಬಂದೂಕು. ಖಾಲಿ ಎಂದು ಯಾರಿಗಾದರೂ ಕಾಣಲಿ ಎಂದು ನಳಿಕೆಯನ್ನು ಮಡಿಸಿ ತೆರೆದೇ ಇಟ್ಟಿದ್ದರು.

ಡೆನಿಸ್ ಬೋರ್ಡನ್ನು ನೋಡಿದ. "ಅವನ ಹತ್ತಿರ ಪರ್ಮಿಟ್ಟು ಇದೆಯಾ? ನಿನಗೆ ಗೊತ್ತಿರುವವನಾ?"

ನನ್ನ ಮನಸ್ಸಿನಲ್ಲಿ ಆಗ ಏನೇನು ಓಡಿತೆಂದು ಚೆನ್ನಾಗಿ ನೆನಪಿದೆ. ಗೊತ್ತು ಎಂದರೆ, ಪರ್ಮಿಟ್ಟಿಲ್ಲದೆ ಅವನನ್ನು ಇಷ್ಟು ದಿನ ಯಾಕೆ ಬಿಟ್ಟೆ ಎಂದು ಕೇಳುತ್ತಾನೆ. ಪರ್ಮಿಟ್ಟೇ ಬೇಡ ಎಂದರೆ, ಮತ್ತೆ ಈ ಬೋರ್ಡು ಏನು ಎಂದು ಕೇಳುತ್ತಾನೆ. ಎರಡಕ್ಕೂ ಉತ್ತರ ಕೊಡಲು ನನಗೆ ಇಷ್ಟವಿರಲಿಲ್ಲ.

"ಇಲ್ಲ, ಗೊತ್ತಿಲ್ಲ," ಎಂದೆ.

ಪೊಲೀಸರಿಗೆ ಫೋನು ಮಾಡು ಎಂದು ನನಗೆ ಹೇಳಿ ಅವನು ಗೌಡರ ಕಡೆ ಹೋದ. ನಾನು ಫೋನು ಎತ್ತಿಕೊಂಡೆ. ಮುದುಕರು, ಬಂದೂಕು ಖಾಲಿ ಇದೆ, ತೆರೆದಿದೆ, ಎಷ್ಟಾದರೂ ಹೇಳಬಹುದಿತ್ತು. "ಅಂಗಡಿಯಲ್ಲಿ ಬಂದೂಕು ಹಿಡಿದ ಒಬ್ಬ ಮನುಷ್ಯನಿದ್ದಾನೆ" ಎಂದಷ್ಟೇ ಹೇಳಿದೆ. ಅಡ್ರೆಸ್ಸು ಕೊಟ್ಟೆ.

ಡೆನಿಸ್ ಅವರನ್ನು ನಯವಾಗಿ ಮಾತಾಡಿಸಿ ಹೊರಗಿನ ಪಾರ್ಕಿಂಗಿಗೆ ಕರೆದುಕೊಂಡು ಹೋಗಿ ನಿಲ್ಲಿಸಿ ತಾನು ಒಳಗೆ ಬಂದ. ನಾನೂ ಫೋನಿನ ಉದ್ದನೆಯ ವಯರು ಎಳೆದುಕೊಂಡು ಗಾಜಿನ ಬಾಗಿಲು ಕಾಣುವವರೆಗೆ ಬಂದೆ. ಆ ಕಡೆಯವರು ಫೋನು ಇಡಬೇಡ ಎಂದಿದ್ದರು. ಎರಡು ಕಾರುಗಳು ಬಂದವು. ಮೂವರು ಪೊಲೀಸರು ಕಾರಿನ ಬಾಗಿಲುಗಳ ಹಿಂದೆ ನಿಂತು ಪಿಸ್ತೂಲು ಗುರಿಯಿಟ್ಟು, ಬಂದೂಕು ಕೆಳಗಿಡು ಎಂದು ಕೂಗಿದರು. ಗೌಡರು ಇಡಲಿಲ್ಲ. ಮತ್ತೆ ಕೂಗಿದರು. ಅವರು ಇಡಲಿಲ್ಲ. ಅವರಿಗೆ ಇಂಗ್ಲಿಷ್ ಅರ್ಥವಾಗಲಿಲ್ಲ ಎಂದು ಡೆನಿಸ್ ಅಂದ. ಅರ್ಥವಾಗಿತ್ತು. ಎಣ್ಣೆ ಸವರಿದ ಆಯುಧವನ್ನು, ಆ ದಿನ, ಟಾರಿನ ಮೇಲೆ ಇಡುವುದು ಹೇಗೆ ಎಂದು ನೋಡುತ್ತಿದ್ದರು. ಇದು ಗೊತ್ತಿದ್ದದ್ದು ಅಲ್ಲಿದ್ದವರೆಲ್ಲರಲ್ಲಿ ನನಗೊಬ್ಬಳಿಗೇ. ನಾನು ಬಾಗಿಲು ತಳ್ಳಿಕೊಂಡು ಹೊರಗೆ ಹೋಗಿ ಹೇಳಲಿಲ್ಲ. ಅವರು ತೀರಾ ನಿಧಾನವಾಗಿ ಮೊಣಕಾಲೂರಿ, ಕೈಗಳನ್ನು ಹಾಗೇ ಕೆಳಗಿಳಿಸಿ, ಮೊದಲು ಪಂಚೆ ನೆಲಕ್ಕೆ ತಾಗುವಂತೆ, ಬಂದೂಕು ಪಂಚೆಯ ಮೇಲೆಯೇ ಉಳಿಯುವಂತೆ ಇಟ್ಟರು. ಆಮೇಲೆ ಕೈಯೆತ್ತಿ ತಲೆಯ ಮೇಲಿಟ್ಟುಕೊಂಡರು. ಅಷ್ಟು ಹೊತ್ತಿನಲ್ಲಿ ಪೊಲೀಸರಲ್ಲಿ ಒಬ್ಬರ ಬೆರಳು ಜಾರಿದ್ದರೂ ಸಾಕಿತ್ತು.

ಬಂದೂಕು ಖಾಲಿಯಿರುವುದನ್ನು ನೋಡಿ ಅವರಿಗೇ ವಾಪಸು ಕೊಟ್ಟರು, ಅರ್ಧ ಗಂಟೆಯಲ್ಲಿ ಎಲ್ಲ ಮುಗಿಯಿತು. ಹಿರಿಯ ಪೊಲೀಸನೊಬ್ಬ ಒಳಗೆ ಬಂದು ನನ್ನ ಬೋರ್ಡು ಓದಿ, ಇದನ್ನು ಬರೆದವರಾರು, ಇಂಥ ಕಾನೂನೇ ಇಲ್ಲವಲ್ಲ ಎಂದ. ಡೆನಿಸ್ ನನ್ನ ಹೆಸರು ಹೇಳಲಿಲ್ಲ. ಹಿಂದಿದ್ದ ಹುಡುಗಿಯ ಕೆಲಸವಿರಬೇಕು ಎಂದ. ಅದು ನನ್ನದು ಎನ್ನದೆ ನಾನು ಬೋರ್ಡು ಇಳಿಸಿ ಕೌಂಟರಿನ ಕೆಳಗೆ ತಳ್ಳಿದೆ.

ಗೌಡರು ಮನೆಗೆ ಹೋದರೇನೋ ಎಂದುಕೊಂಡೆ. ಇಲ್ಲ, ಕೌಂಟರಿಗೆ ಬಂದರು. ಪ್ಯಾಂಟಿನ ಮೊಣಕಾಲಿಗೆ ಸಣ್ಣ ಕಲ್ಲುಗಳು ಅಂಟಿದ್ದವು. ಬಂದೂಕು ಮತ್ತೆ ಕೈಗಳ ಮೇಲಿತ್ತು.

"ಹಿಡಿ ಪಟ್ಟಿದು ಒಂದು ಸ್ಕ್ರೂ ಬಿದ್ದೋಗದೆ ಕನವ್ವ, ಅದ್ಕೇ ತಂದಿದ್ದು. ಇದ್ರೆ ಕೊಡು, ಪೂಜೆ ಹೊತ್ತಾಯ್ತದೆ. ಸುಸೀಲ ಬೂದುಗುಂಬಳ ತರಾಕೆ ಹೋಗವ್ಳೆ, ಬಂದಾಗ ನಾನಿಲ್ದಿದ್ರೆ ಗಾಬರಿ ಆಯ್ತಾಳೆ."

ಡಬ್ಬಿ ಹುಡುಕಿ ಸ್ಕ್ರೂ ಕೊಟ್ಟೆ. ಅವರು ಅದನ್ನು ಅಂಗೈಯಲ್ಲಿಟ್ಟು ನೋಡುತ್ತಾ, ನನ್ನ ಕಡೆ ನೋಡದೆ, "ನೀನಿದ್ದಿದ್ರೆ ಅವರ್ಗೆ ಹೇಳ್ತಿದ್ದೆ. ಊಟಕ್ಕೋಗಿದ್ದೇನೋ," ಎಂದರು.

"ಹೂಂ ಗೌಡ್ರೆ, ಊಟಕ್ಕೆ ಹೋಗಿದ್ದೆ," ಎಂದೆ.

ಬೆಳಿಗ್ಗೆ ಹನ್ನೊಂದು ಗಂಟೆ ದಾಟಿತ್ತಷ್ಟೇ ಆಗ. ಯಾವ ಅಂಗಡಿಯವರೂ ಅಷ್ಟು ಹೊತ್ತಿಗೆ ಊಟಕ್ಕೆ ಹೋಗುವುದಿಲ್ಲ. ಗಡಿಯಾರ ನನ್ನ ತಲೆಯ ಮೇಲೇ ಇತ್ತು, ಅವರ ಎದುರಿಗೇ ಇತ್ತು.

ಆಮೇಲೆ ಅವರು ಬರುವುದು ನಿಂತಿತು. ನಾನು ಅಸಿಸ್ಟೆಂಟ್ ಮ್ಯಾನೇಜರ್ ಆದೆ. ಒಂದು ಸಲ ಅವರ ಮನೆಯ ರಸ್ತೆಯವರೆಗೆ ಕಾರು ಓಡಿಸಿಕೊಂಡು ಹೋಗಿ, ಗ್ಯಾರೇಜಿನ ಬಾಗಿಲು ಮುಚ್ಚಿರುವುದನ್ನು ನೋಡಿ, ಮನೆಯಲ್ಲಿ ಯಾರೂ ಇಲ್ಲವೆಂದು ನನಗೆ ನಾನೇ ಹೇಳಿಕೊಂಡು ವಾಪಸು ಬಂದೆ.

ನಾಲ್ಕೈದು ತಿಂಗಳಾದ ಮೇಲೆ ಒಂದು ದಿನ ಬಾಗಿಲಿನ ಹುಡುಗಿ ಫೋನು ಮಾಡಿ, ಹೊರಗೆ ಯಾರೋ ನಿಂತಿದ್ದಾರೆ, ಒಳಗೆ ಬರಬಹುದಾ ಎಂದು ಕೇಳುತ್ತಿದ್ದಾರೆ ಎಂದಳು. ಹೋಗಿ ನೋಡಿದರೆ ಗೌಡರು. ಚರ್ಮದ ಚೀಲ, ಚೀಲಕ್ಕೆ ಬೀಗ, ಅದರ ಮೇಲೆ ಕಾಗದಪತ್ರಗಳನ್ನು ರಬ್ಬರು ಬ್ಯಾಂಡು ಹಾಕಿ ಕಟ್ಟಿದ್ದರು. ಹೊಸ್ತಿಲಿನಿಂದ ಒಂದು ಮಾರು ಆಚೆ, ಬಿಸಿಲಿನಲ್ಲಿ ನಿಂತಿದ್ದರು. ಕಾಯಿದೆ ನನಗಿಂತ ಚೆನ್ನಾಗಿ ಗೊತ್ತಿದ್ದ ಮನುಷ್ಯ.

"ಬರಬಹುದಾ ತಾಯಿ?"

"ಬನ್ನಿ ಗೌಡ್ರೆ, ಏನಿದು, ಕೇಳ್ತಾರಾ," ಎಂದು ಬಾಗಿಲು ಹಿಡಿದೆ.

ಬಂದೂಕನ್ನು ಮಾರಾಟಕ್ಕೆ ಬಿಡಲು ಬಂದಿದ್ದರು. ಅಳಿಯನಿಗೆ ಮನೆಯಲ್ಲಿ ಬಂದೂಕು ಇರುವುದು ಬೇಡವಾಗಿತ್ತು. ಅದಲ್ಲದೆ, "ನಂಗೂ ಆ ದಿನದಿಂದ ಅದ ಎತ್ಕೊಂಡ್ರೆ ಕೈ ನಡುಗ್ತದೆ ಕನವ್ವ. ಕೈ ನಡುಗೋನು ಆರ್ಮರರ್ರಾ?" ಎಂದರು. ನಾನೇ ಫಾರಮ್ಮು ಬರೆದೆ. ಅವರು ಸಹಿ ಹಾಕಿದರು. ಕೊನೆಯ ಸಲ ನಳಿಕೆ ಮಡಿಸಿ, ಒಂದು ಕಣ್ಣು ಮುಚ್ಚಿ ನೋಡಿದರು. ನನಗೆ ತೋರಿಸುತ್ತಾರೆಂದು ಕಾದೆ. ತೋರಿಸಲಿಲ್ಲ.

ಹೊರಡಲು ತಿರುಗಿದಾಗ ನನಗೆ ತಡೆಯಲಾಗಲಿಲ್ಲ. "ಗೌಡ್ರೆ, ಅವತ್ತು ನಾನು..." ಎಂದೆ.

ಅವರು ಕೈ ಅಡ್ಡ ಮಾಡಿದರು. ಸಿಟ್ಟಿರಲಿಲ್ಲ, ದಣಿದಿದ್ದರು.

"ಅವತ್ತು ನೀನು ಊಟಕ್ಕೋಗಿದ್ದೆ ಬುಡವ್ವ," ಎಂದರು. "ಅಂಗೇ ಇರ್ಲಿ."

ಅದೇ ಅವರನ್ನು ನಾನು ಕೊನೆಯ ಸಲ ನೋಡಿದ್ದು. ಮುಂದಿನ ವರ್ಷ ಸ್ಟಾರ್ಟಪ್ಪುಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದ ಹೊತ್ತಿನಲ್ಲಿ, ನನ್ನ ಗಂಡ ಕೆಲಸ ಕಳೆದುಕೊಂಡ ವಾರದಲ್ಲೇ, ಅವರು ಹೃದಯಾಘಾತದಿಂದ ತೀರಿಕೊಂಡರು. ಸುದ್ದಿ ಯಾರಿಂದಲೋ ತಿಳಿಯಿತು. ಹನ್ನೊಂದನೆಯ ದಿನದ ಕಾರ್ಯಕ್ಕೆ ಸುಶೀಲಾ ಅವರೇ ಫೋನು ಮಾಡಿ ಕರೆದರು. ಅಷ್ಟೇನೂ ಪರಿಚಯವಿಲ್ಲದ ನನ್ನನ್ನು ಯಾಕೆ ಕರೆದರೆಂದು ದಾರಿಯುದ್ದಕ್ಕೂ ಹೆದರಿಕೊಂಡೇ ಹೋದೆ. ಎಲ್ಲರ ಎದುರು ಕೇಳುತ್ತಾರೆ, ಕೇಳಲಿ, ಹೇಳಿಬಿಡುತ್ತೇನೆ ಎಂದೂ ಗಟ್ಟಿಮಾಡಿಕೊಂಡಿದ್ದೆ.

ಸುಶೀಲಾ ಬಾಗಿಲಿಗೇ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. ಅಕ್ಕಪಕ್ಕದವರಿಗೆ ನನ್ನನ್ನು ತೋರಿಸಿದರು.

"ಇವ್ರೇ ಮಾಲತಿ. ಅವತ್ತು ಅಂಗಡೀಲಿ ಅಪ್ಪನ ಪರ ಪೊಲೀಸ್ರ ಹತ್ರ ಮಾತಾಡಿದ್ದು ಇವ್ರೊಬ್ರೇನಂತೆ. ಇವ್ರು ಹೇಳಿದ್ದಕ್ಕೇ ಪೊಲೀಸ್ರು ಬಿಟ್ರು ಅಂತ ಅಪ್ಪ ಸಾಯೋ ತನಕ ಹೇಳ್ತಿದ್ರು. ನಮಗೆ ಥ್ಯಾಂಕ್ಸ್ ಹೇಳಕ್ಕೂ ಆಗ್ಲಿಲ್ಲ ನೋಡಿ."

ಸುತ್ತ ಇದ್ದವರೆಲ್ಲ ನನ್ನನ್ನು ನೋಡಿದರು. ಒಬ್ಬ ಹಿರಿಯರು ಕೈ ಮುಗಿದರು. ಒಳಗೆ ಗೌಡರ ಫೋಟೋದ ಮುಂದೆ ಎಲೆ ಬಡಿಸಿದ್ದರು. ಅದರ ಪಕ್ಕದಲ್ಲಿ ಒಗೆದು ಮಡಿಸಿಟ್ಟ ಬಿಳಿ ಪಂಚೆಯಿತ್ತು. ಅಂಚಿನಲ್ಲಿ ಟಾರಿನ ಕಪ್ಪು ಕಲೆ ಹೋಗಿರಲಿಲ್ಲ.

ಹೇಳುವುದಿದ್ದರೆ ಆಗಲೇ ಹೇಳಬೇಕಿತ್ತು. ಹೇಳಿದ್ದರೆ ಗೌಡರು ಮಗಳಿಗೆ ಸುಳ್ಳು ಹೇಳಿದ್ದರು ಎಂದಾಗುತ್ತಿತ್ತು. ಅದೇ ಕಾರಣಕ್ಕೆ ಸುಮ್ಮನಾದೆ ಎಂದು ಬಹಳ ದಿನ ನನ್ನನ್ನು ನಾನೇ ನಂಬಿಸಿಕೊಂಡಿದ್ದೆ. ನಿಜ ಅದಲ್ಲ. ಆ ಹಿರಿಯರು ಮುಗಿದ ಕೈ ಇಳಿಸುವುದನ್ನು ನೋಡುವ ಧೈರ್ಯ ನನಗಿರಲಿಲ್ಲ.

"ಬನ್ನಿ, ಊಟಕ್ಕೆ ಕೂತ್ಕೊಳ್ಳಿ," ಎಂದು ಸುಶೀಲಾ ನನ್ನನ್ನು ಮೊದಲ ಪಂಕ್ತಿಯಲ್ಲೇ ಕೂರಿಸಿದರು. ನಾನು ಕೂತು, ಬಡಿಸಿದ್ದನ್ನೆಲ್ಲ ಉಂಡೆ.